ಕಾಳ್ಗಿಚ್ಚಿನ ನಡುವೆ ನಿಲ್ಲಿಸುವ ಪರದೆ

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಐಸಿನಿಮಾ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲೊಂದು ದುಂಡನೆಯ ಚಿತ್ರಮಂದಿರ. ಕುರ್ಚಿಗಳಿಲ್ಲ. ಸುಮಾರು 10 ಮೀಟರ್ ಅಡ್ಡಳತೆಯ ಜಾಗದ ಸುತ್ತ ಎರಡಾಳೆತ್ತರದ ಪರದೆ. 12 ಪ್ರೊಜೆಕ್ಟರ್‌ಗಳು ಸೇರಿ ಅದರ ಮೇಲೆ 3ಡಿ ಚಿತ್ರ ಬಿಡುತ್ತವೆ. ಕನ್ನಡಕ ಹಾಕಿಕೊಂಡು ನಡುವೆ ನಿಂತರೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಯೂ ಕಾಡು. ಆ ಕಾಡಿಗೆ ಬೆಂಕಿ ಬೀಳುತ್ತದೆ.

ಈ ಕೆಲಸದ ಮುಂದಾಳು ಡೆನಿಸ್ ಡೆಲ್ ಫಾವೆರೊ. ಅವರು ಬೆಂಕಿ ವಿಜ್ಞಾನಿಯಲ್ಲ, ಕಲಾವಿದ. 2020ರಲ್ಲಿ ಅವರಿಗೆ ಆಸ್ಟ್ರೇಲಿಯಾದ ಅತಿ ದೊಡ್ಡ ಸಂಶೋಧನಾ ಗೌರವಗಳಲ್ಲಿ ಒಂದಾದ ಲಾರಿಯೇಟ್ ಫೆಲೋಶಿಪ್ ಸಿಕ್ಕಿತು. ಅದರಡಿ ಶುರುವಾದ ಯೋಜನೆಯ ಹೆಸರು ಐಫೈರ್. ಭಾರೀ ಕಾಳ್ಗಿಚ್ಚು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನಿಜದ ಅಳತೆಯಲ್ಲೇ, ನೋಡುವವರ ಸುತ್ತಲೂ ತೋರಿಸುವುದು ಅದರ ಗುರಿ. ಗಾಳಿಯ ದಿಕ್ಕನ್ನೋ ನೆಲದ ಸ್ವರೂಪವನ್ನೋ ಬದಲಿಸಿದರೆ ಬೆಂಕಿಯ ನಡೆಯೂ ಬದಲಾಗುತ್ತದೆ. ಅಗ್ನಿಶಾಮಕ ದಳದವರು, ಬೆಂಕಿ ವಿಜ್ಞಾನಿಗಳು, ಕಲಾವಿದರು ಇಲ್ಲಿ ಒಟ್ಟಿಗೆ ಕೂತು ಕೆಲಸ ಮಾಡುತ್ತಾರೆ.

ವಿಜ್ಞಾನಿಗಳ ಬಳಿ ನಕಾಶೆ ಇದೆ, ಉಪಗ್ರಹ ಚಿತ್ರ ಇದೆ, ಕಂಪ್ಯೂಟರ್ ಲೆಕ್ಕ ಇದೆ. ಇದರ ನಡುವೆ ಕಲಾವಿದರಿಗೆ ಏನು ಕೆಲಸ ಅಂತ ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆಸ್ಟ್ರೇಲಿಯಾದ ಎರಡು ಬೇಸಿಗೆಗಳನ್ನು ನೋಡಬೇಕು.

ಮೊದಲನೆಯದು 2009. ಫೆಬ್ರುವರಿ 7, ಶನಿವಾರ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಬಿಸಿಲು. ಅವತ್ತು ವಿಕ್ಟೋರಿಯಾ ರಾಜ್ಯದ ಕಾಡುಗಳಿಗೆ ಹತ್ತಿದ ಬೆಂಕಿಯಲ್ಲಿ 173 ಜನ ಸತ್ತರು. ಅದರಲ್ಲಿ ಕಿಲ್‌ಮೋರ್ ಈಸ್ಟ್‌ನ ಬೆಂಕಿ ಒಂದಕ್ಕೇ 119 ಜನ ಬಲಿಯಾದರು. ಅವತ್ತು ಆಗಿದ್ದು ಇಷ್ಟು. ಮಧ್ಯಾಹ್ನವಿಡೀ ವಾಯವ್ಯದಿಂದ ಬಿಸಿಗಾಳಿ ಬೀಸಿತು. ಬೆಂಕಿ ಉದ್ದುದ್ದಕ್ಕೆ, ಕಿರಿದಾದ ಪಟ್ಟಿಯ ಹಾಗೆ ಆಗ್ನೇಯಕ್ಕೆ ಓಡಿತು. ಅದರ ಮೂತಿ ಚಿಕ್ಕದು, ಪಕ್ಕೆ ಉದ್ದ. ಸಂಜೆ ಹೊತ್ತಿಗೆ ಗಾಳಿ ತಿರುಗಿ ನೈಋತ್ಯದಿಂದ ತಂಪಾಗಿ ಬೀಸತೊಡಗಿತು. ದಿನವಿಡೀ ಬೆಂದವರಿಗೆ ತಂಪು ಗಾಳಿ ಅಂದರೆ ನೆಮ್ಮದಿ, ಅಲ್ವಾ? ಆದರೆ ಆ ಗಾಳಿ ಬೆಂಕಿಯ ಉದ್ದನೆಯ ಪಕ್ಕೆಯನ್ನೇ ಮೂತಿಯಾಗಿ ಮಾಡಿಬಿಟ್ಟಿತು. ಅಷ್ಟು ಹೊತ್ತು ಪಕ್ಕದಲ್ಲಿ ಹಾದು ಹೋಗುತ್ತಿದ್ದ ಬೆಂಕಿ ಕಿಲೋಮೀಟರುಗಟ್ಟಲೆ ಅಗಲಕ್ಕೆ ಊರುಗಳ ಕಡೆ ತಿರುಗಿತು. ಸತ್ತವರಲ್ಲಿ ಹೆಚ್ಚಿನವರು ಮನೆಯೊಳಗೇ ಸತ್ತರು. 'ಸಿದ್ಧರಾಗಿ ನಿಂತು ಮನೆ ಕಾಪಾಡಿಕೊಳ್ಳಿ, ಇಲ್ಲವೇ ಬೇಗನೆ ಹೊರಡಿ' ಅನ್ನುವುದು ಆಗಿನ ಸರ್ಕಾರಿ ಸಲಹೆಯಾಗಿತ್ತು. ಆ ಸಲಹೆಯನ್ನು ಆಮೇಲೆ ತಿದ್ದಬೇಕಾಯಿತು. ಬೆಂಕಿಯ ಅಪಾಯ ಎಷ್ಟು ಎಂದು ಹೇಳುವ ಪಟ್ಟಿಗೆ ಎಲ್ಲಕ್ಕಿಂತ ಮೇಲಿನ ಇನ್ನೊಂದು ಹಂತವನ್ನೂ ಸೇರಿಸಿದರು.

ಎರಡನೆಯದು 2019-20ರ ಬೇಸಿಗೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳೂ ಹೊಗೆ ಕುಡಿದ ಬೇಸಿಗೆ ಅದು. ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಸುಟ್ಟಿತು. 3,000ಕ್ಕೂ ಜಾಸ್ತಿ ಮನೆ ಹೋದವು. ಬೆಂಕಿಗೆ ನೇರವಾಗಿ ಸಿಕ್ಕಿ 33 ಜನ ಸತ್ತರೆ, ಹೊಗೆಯಿಂದ ಇನ್ನೂ 417 ಜನ ಸತ್ತಿರಬಹುದು ಎಂದು ಆರೋಗ್ಯ ತಜ್ಞರು ಅಂದಾಜು ಮಾಡಿದರು. ಅದೇ ಬೇಸಿಗೆಯಲ್ಲಿ, ಡಿಸೆಂಬರ್ 30ರಂದು, ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಗಡಿಯಲ್ಲಿ ಬೆಂಕಿಯ ಸುಂಟರಗಾಳಿ ಎದ್ದು ಭಾರೀ ಅಗ್ನಿಶಾಮಕ ಟ್ರಕ್ ಒಂದನ್ನು ಮಗುಚಿ ಹಾಕಿತು. ಒಳಗಿದ್ದ ಯುವ ಸ್ವಯಂಸೇವಕ ತೀರಿಕೊಂಡ. ಬೆಂಕಿಯ ಮೇಲೆ ಬೆಂಕಿಯೇ ಹುಟ್ಟಿಸಿದ ಗುಡುಗು ಮೋಡಗಳು ಎದ್ದವು. ಅವುಗಳಿಂದ ಸಿಡಿಲು ಬಿದ್ದು ಹೊಸ ಜಾಗಗಳಲ್ಲಿ ಬೆಂಕಿ ಹೊತ್ತಿತು.

ಹಳೆಯ ಅನುಭವ ಕೈಕೊಡುವುದು ಇಂಥ ಕಡೆ. ಬೆಂಕಿ ಆರಿಸುವವರು ಅನುಭವದಿಂದ ಕಲಿತ ಲೆಕ್ಕಗಳಿವೆ. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಕಲಿಯುವ ಒಂದು ಲೆಕ್ಕ ಹೇಳುತ್ತೇನೆ. ಗುಡ್ಡದ ಏರು ಪ್ರತಿ 10 ಡಿಗ್ರಿ ಹೆಚ್ಚಾದಾಗ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಎರಡರಷ್ಟಾಗುತ್ತದೆ. ಮೇಲಿನ ಹುಲ್ಲು, ಎಲೆಗಳಿಗೆ ಕೆಳಗಿನ ಜ್ವಾಲೆ ಹತ್ತಿರವಾಗುತ್ತದೆ, ಅವು ಬೇಗ ಒಣಗಿ ಬೇಗ ಹೊತ್ತಿಕೊಳ್ಳುತ್ತವೆ. ಅಂದರೆ 20 ಡಿಗ್ರಿ ಏರಿನಲ್ಲಿ ವೇಗ ನಾಲ್ಕು ಪಟ್ಟು. ಬಾಯಿಪಾಠ ಮಾಡಲು ಸುಲಭ. ಆದರೆ ನಾಲ್ಕು ಪಟ್ಟು ವೇಗ ಅಂದರೆ ಎಷ್ಟು ಬೇಗ ಅನ್ನುವುದು ಮೈಗೆ ಗೊತ್ತಾಗಬೇಕು. ನೀಲಗಿರಿ ಮರದ ತೊಗಟೆ ಹೊತ್ತಿಕೊಂಡು ಗಾಳಿಯಲ್ಲಿ ಹಾರಿ 30 ಕಿಲೋಮೀಟರ್ ದೂರದಲ್ಲಿ ಬಿದ್ದು ಹೊಸ ಬೆಂಕಿ ಹಚ್ಚುತ್ತದೆ ಅಂತ ಓದಿದವನಿಗೂ, ಬೆನ್ನ ಹಿಂದೆ ಬೆಂಕಿ ಏಳುವುದನ್ನು ಕಂಡವನಿಗೂ ಬಹಳ ವ್ಯತ್ಯಾಸ. ಇಡೀ ಸೇವೆಯಲ್ಲಿ ಇಂಥದ್ದನ್ನು ಒಮ್ಮೆಯೂ ಕಾಣದ ಬೆಂಕಿ ಸಿಬ್ಬಂದಿ ಬೇಕಾದಷ್ಟು ಜನ ಇದ್ದಾರೆ. ಕಂಡವರಲ್ಲಿ ಕೆಲವರು ಬದುಕಿ ಬರಲಿಲ್ಲ.

ನಕಾಶೆಯಲ್ಲಿ ಬೆಂಕಿ ಒಂದು ಕೆಂಪು ಗೆರೆ. ಅದನ್ನು ನಾವು ಮೇಲಿನಿಂದ ನೋಡುತ್ತೇವೆ. ನೆಲದ ಮೇಲೆ ನಿಂತವರಿಗೆ ಮೊದಲು ಕಾಣುವುದು ಹೊಗೆ. ಬೆಂಕಿ ಎಷ್ಟು ದೂರ ಇದೆ ಗೊತ್ತಾಗುವುದಿಲ್ಲ. ಸದ್ದು ಯಾವ ಕಡೆಯಿಂದ ಬರುತ್ತಿದೆ ತಿಳಿಯುವುದಿಲ್ಲ. ಹಗಲೇ ಕತ್ತಲಾಗುತ್ತದೆ. ದುಂಡನೆಯ ಪರದೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮುಂದೆ ನೋಡುತ್ತಾ ನಿಂತವರಿಗೆ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ. ತಿರುಗಿ ನೋಡಬೇಕು. ತಿರುಗಿದಾಗ ಮುಂದಿನದು ತಪ್ಪುತ್ತದೆ. ನಾಲ್ಕಾರು ಜನ ಒಟ್ಟಿಗೆ ನಿಂತರೆ ಒಬ್ಬ ಕಂಡಿದ್ದನ್ನು ಇನ್ನೊಬ್ಬನಿಗೆ ಕೂಗಿ ಹೇಳಬೇಕು. ಕಂಪ್ಯೂಟರ್ ಕಟ್ಟಿದ ಲೋಕವನ್ನು ಒಬ್ಬೊಬ್ಬರ ಕಣ್ಣಿಗೆ ತೋರಿಸುವ, ತಲೆಗೆ ಹಾಕಿಕೊಳ್ಳುವ ವಿಆರ್ ಸಾಧನಕ್ಕಿಂತ ಈ ಕೋಣೆ ಮೇಲು ಅಂತ ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ಬೆಂಕಿಯ ಮುಂದೆ ಯಾರೂ ಒಬ್ಬರೇ ನಿರ್ಧಾರ ಮಾಡುವುದಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಇದು ಈ ಕೇಂದ್ರಕ್ಕೆ ಹೊಸ ವಿದ್ಯೆಯೂ ಅಲ್ಲ. ಇದೇ ದುಂಡು ಪರದೆಯನ್ನು ಅವರು ಮೊದಲು ಕಲ್ಲಿದ್ದಲು ಗಣಿ ಕಾರ್ಮಿಕರ ಸುರಕ್ಷತಾ ತರಬೇತಿಗೆ ಬಳಸಿದ್ದರು. ಆಸ್ಟ್ರೇಲಿಯಾದಲ್ಲಿ ಶುರುವಾದ ಆ ಕೆಲಸ ಚೀನಾದ ಗಣಿಗಳವರೆಗೂ ಹೋಯಿತು.

ಈಗ ಈ ಚಿತ್ರ ಹೇಗೆ ತಯಾರಾಗುತ್ತದೆ ನೋಡೋಣ. ನನ್ನ ತಕರಾರು ಇರುವುದೂ ಇಲ್ಲೇ.

ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್ಐಆರ್‌ಒ 'ಸ್ಪಾರ್ಕ್' ಎಂಬ ಬೆಂಕಿ ಲೆಕ್ಕಾಚಾರದ ತಂತ್ರಾಂಶ ಮಾಡಿದೆ. ಐಫೈರ್‌ಗೆ ಅದರ ಲೆಕ್ಕವೇ ತಳಪಾಯ. ನೆಲದ ಏರಿಳಿತ, ಗಿಡಮರದ ಬಗೆ, ಎಷ್ಟು ಒಣಗಿದೆ, ಗಾಳಿ ಎತ್ತ ಎಷ್ಟು ಬೀಸುತ್ತಿದೆ ಎಂಬುದನ್ನೆಲ್ಲ ಕೊಟ್ಟರೆ, ಬೆಂಕಿಯ ಅಂಚು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಅದು ಹೇಳುತ್ತದೆ. ಅಂಚು ಅಂದರೆ ನೆಲದ ಮೇಲಿನ ಒಂದು ಗೆರೆ ಅಷ್ಟೇ. ಜ್ವಾಲೆ ಎಷ್ಟು ಎತ್ತರ, ಅದರ ಬಣ್ಣ ಏನು, ಹೊಗೆ ಹೇಗೆ ಸುರುಳಿ ಸುತ್ತುತ್ತದೆ, ಕಿಡಿ ಹೇಗೆ ಹಾರುತ್ತದೆ ಅನ್ನುವುದೆಲ್ಲ ಆ ಗೆರೆಯಲ್ಲಿ ಇಲ್ಲ. ಅದನ್ನು ತುಂಬುವವರು ಕಲಾವಿದರು, ಗ್ರಾಫಿಕ್ಸ್ ತಂತ್ರಜ್ಞರು. ಬೆಂಕಿ ತಾನೇ ಗಾಳಿ ಹುಟ್ಟಿಸಿಕೊಳ್ಳುವುದನ್ನು ಲೆಕ್ಕ ಹಾಕಬೇಕಾದರೆ ವಾತಾವರಣವನ್ನೂ ಬೆಂಕಿಯನ್ನೂ ಒಟ್ಟಿಗೆ ಲೆಕ್ಕ ಹಾಕುವ ಡಬ್ಲ್ಯುಆರ್‌ಎಫ್-ಎಸ್‌ಫೈರ್‌ನಂಥ ಮಾದರಿಗಳು ಬೇಕು. ಅವಕ್ಕೆ ಕಂಪ್ಯೂಟರ್ ಶಕ್ತಿ ಜಾಸ್ತಿ ಬೇಕು.

ವಿಜ್ಞಾನಿ ಮಾತಾಡುವಾಗ 'ಬೆಂಕಿ ಈ ಹೊತ್ತಿಗೆ ಈ ಗುಡ್ಡ ದಾಟುವ ಸಾಧ್ಯತೆ ಇಷ್ಟು' ಅನ್ನುತ್ತಾರೆ. ಆ ಮಾತಿನಲ್ಲಿ ಅನುಮಾನಕ್ಕೆ ಜಾಗ ಇದೆ. ಪರದೆಯ ಮೇಲೆ ಬೆಂಕಿ ಗುಡ್ಡ ದಾಟಿಯೇ ಬಿಡುತ್ತದೆ. ಅದೂ ನಿಜದ ಬೆಂಕಿಯಷ್ಟೇ ಚೆನ್ನಾಗಿ. ಚಿತ್ರ ಎಷ್ಟು ನಿಜ ಅನ್ನಿಸುತ್ತದೋ ಅಷ್ಟೂ ನೋಡುವವರು ಅದನ್ನು ನಂಬುತ್ತಾರೆ. ಲೆಕ್ಕದಲ್ಲಿರುವ ಅನುಮಾನ ಚಿತ್ರದಲ್ಲಿ ಮಾಯವಾಗುತ್ತದೆ. ಅದಕ್ಕೇ ಒಂದೇ ಬೆಂಕಿಯನ್ನು ಒಮ್ಮೆ ತೋರಿಸಿ ಕಳಿಸಬಾರದು. ಗಾಳಿ ಸ್ವಲ್ಪ ತಿರುಗಿದರೆ ಹೀಗೆ, ಗಿಡ ಇನ್ನೂ ಸ್ವಲ್ಪ ಹಸಿ ಇದ್ದರೆ ಹಾಗೆ ಅಂತ ಮತ್ತೆ ಮತ್ತೆ ಓಡಿಸಿ ತೋರಿಸಬೇಕು. ಬದಲಿಸಿ ನೋಡಲು ಆಗುವಂತೆ ಐಫೈರ್ ಕಟ್ಟಿರುವುದು ಈ ದೃಷ್ಟಿಯಿಂದ ದೊಡ್ಡ ವಿಷಯ. ಸುಮ್ನೆ ಒಂದು ಸಿನಿಮಾ ಮಾಡಿದ್ದರೆ ಆ ಅವಕಾಶ ಇರುತ್ತಿರಲಿಲ್ಲ.

ಚಿತ್ರ ಒಂದನ್ನು ತೋರಿಸುವಾಗ ಇನ್ನೊಂದನ್ನು ಮರೆಸಿಬಿಡಬಹುದು ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್ ಚಂಡಮಾರುತ ನಾರ್ತ್ ಕ್ಯಾರೊಲೈನಾದ ಕರಾವಳಿಗೆ ಬರುತ್ತಿತ್ತು. ದಿ ವೆದರ್ ಚಾನೆಲ್ ವಿಡಿಯೋ ಗೇಮ್‌ನ ತಂತ್ರ ಬಳಸಿ ಒಂದು ದೃಶ್ಯ ಮಾಡಿತು. ನಿರೂಪಕಿ ಸ್ಟುಡಿಯೋದಲ್ಲಿ ನಿಂತಿದ್ದಾರೆ. ಅವರ ಸುತ್ತ ಸಮುದ್ರದ ನೀರು 3 ಅಡಿ, ಆಮೇಲೆ 6, ಆಮೇಲೆ 9 ಅಡಿ ಏರುತ್ತದೆ. ಕಾರು ತೇಲುತ್ತದೆ. 9 ಅಡಿ ಅಂದರೆ ಏನು ಅನ್ನುವುದು ಕೆಲವೇ ಸೆಕೆಂಡಿನಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಲಕ್ಷಾಂತರ ಜನ ಅದನ್ನು ನೋಡಿದರು. ಒಳ್ಳೆಯ ಕೆಲಸವೇ. ಆದರೆ ಫ್ಲಾರೆನ್ಸ್‌ನಿಂದ ನೇರವಾಗಿ ಆದ ಸಾವುಗಳಲ್ಲಿ ಹೆಚ್ಚಿನವು ಸಮುದ್ರದ ಉಬ್ಬರದಿಂದ ಆಗಲಿಲ್ಲ. ದಿನಗಟ್ಟಲೆ ಸುರಿದ ಮಳೆಗೆ ಒಳನಾಡಿನಲ್ಲಿ ಹೊಳೆ, ಹಳ್ಳ ಉಕ್ಕಿ ಆದವು. ಸತ್ತವರಲ್ಲಿ ಬಹಳ ಜನ ನೀರು ಹರಿಯುತ್ತಿದ್ದ ರಸ್ತೆಯಲ್ಲಿ ವಾಹನ ನುಗ್ಗಿಸಿದವರು. ಮುಂಗಾರಿನಲ್ಲಿ ಸೇತುವೆ ಮೇಲೆ ನೀರು ಹರಿಯುವಾಗ ಬೈಕ್ ಇಳಿಸುವವರನ್ನು ನಾವೂ ಪ್ರತಿ ವರ್ಷ ನೋಡುತ್ತೇವೆ. ಒಂದೂವರೆ ಅಡಿ ಕೆಸರು ನೀರಿನಲ್ಲಿ ಕಾರು ಹೇಗೆ ಹಿಡಿತ ಕಳೆದುಕೊಳ್ಳುತ್ತದೆ ಅನ್ನುವುದು 9 ಅಡಿ ಸಮುದ್ರದಷ್ಟು ರೋಚಕ ಅಲ್ಲ. ಕೊಲ್ಲುವುದು ಮಾತ್ರ ಅದೇ. ಯಾವುದನ್ನು ತೋರಿಸಬೇಕು ಅನ್ನುವ ಆಯ್ಕೆ ಕಣ್ಣಿಗೆ ಹಬ್ಬ ಆಗುವುದರ ಮೇಲೆ ನಿಂತರೆ ಎಡವಟ್ಟಾಗುತ್ತದೆ.

ಇನ್ನು, ಇಂಥದ್ದನ್ನು ನೋಡಿದ ಜನ ಬದಲಾಗುತ್ತಾರಾ? 'ಜನರಿಗೆ ಹವಾಮಾನ ಬದಲಾವಣೆಯನ್ನು ಅನುಭವಿಸುವಂತೆ ಮಾಡಿದರೆ ಎಚ್ಚೆತ್ತುಕೊಳ್ಳುತ್ತಾರೆ' ಅನ್ನುವ ಮಾತು ಕಲಾ ವಲಯದಲ್ಲಿ ಬಹಳ ಕೇಳಿಬರುತ್ತದೆ. ಅದನ್ನು ಅಳೆದು ನೋಡಿದ ಉದಾಹರಣೆಗಳು ಕಡಿಮೆ. ಇದ್ದವುಗಳಲ್ಲಿ ಒಂದು ಬ್ರಿಟಿಷ್ ಕಲಾವಿದ ಮೈಕೆಲ್ ಪಿನ್ಸ್ಕಿ 2017ರಲ್ಲಿ ನಾರ್ವೆಯ ಟ್ರಾನ್‌ಹೈಮ್‌ನಲ್ಲಿ ಕಟ್ಟಿದ ಮಾಲಿನ್ಯದ ಗುಮ್ಮಟಗಳು. ಐದು ಗುಮ್ಮಟ, ಒಂದರಿಂದ ಇನ್ನೊಂದಕ್ಕೆ ದಾರಿ. ಒಂದರಲ್ಲಿ ನಾರ್ವೆಯ ದ್ವೀಪವೊಂದರ ಶುದ್ಧ ಗಾಳಿ. ಉಳಿದವುಗಳಲ್ಲಿ ಲಂಡನ್, ಬೀಜಿಂಗ್, ಸಾವೊ ಪೌಲೊ ಮತ್ತು ನಮ್ಮ ನವದೆಹಲಿಯ ಗಾಳಿಯ ವಾಸನೆ, ಮಬ್ಬು, ಬಿಸಿ. ಆರೋಗ್ಯಕ್ಕೆ ತೊಂದರೆಯಾಗದ ಪದಾರ್ಥಗಳಿಂದ ಅದನ್ನು ಮಾಡಿದ್ದರು. ಅಲ್ಲಿನ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ನೋಡಲು ಬಂದ ಎರಡೂವರೆ ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ಹೊರಬಂದವರಲ್ಲಿ ಏನಾದರೂ ಮಾಡಬೇಕು ಅನ್ನುವ ಮನಸ್ಸು ಸ್ವಲ್ಪ ಹೆಚ್ಚಾಗಿತ್ತು. ಆದರೆ ತಾವು ಗಾಳಿಗೆ ಬಿಡುವ ಇಂಗಾಲದ ಲೆಕ್ಕ ಇಟ್ಟುಕೊಳ್ಳುವ ಒಂದು ಸಣ್ಣ ಅವಕಾಶ ಕೈಗೆ ಕೊಟ್ಟಾಗ, ಮಾಡುತ್ತೇವೆ ಅಂದವರೇ ಅದನ್ನು ಬಳಸಿದರು ಅನ್ನುವ ಹಾಗೇನೂ ಇರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪ್ರಯೋಗ ಸ್ಟ್ಯಾನ್‌ಫರ್ಡ್‌ನಲ್ಲಿ ಆಯಿತು, 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮರ ಕಡಿಯುವ ವಿವರಣೆ ಓದಲು ಕೊಟ್ಟರು. ಇನ್ನು ಕೆಲವರು ವಿಆರ್ ಹಾಕಿಕೊಂಡು, ಅದುರುವ ಗರಗಸದ ಹಿಡಿಯನ್ನು ಕೈಯಲ್ಲಿ ಹಿಡಿದು ತಾವೇ ಮರ ಕಡಿದರು. ಆಮೇಲೆ ಸಂಶೋಧಕರು ಬೇಕೆಂದೇ ನೀರಿನ ಲೋಟ ಉರುಳಿಸಿದರು. ಒರೆಸಲು ಯಾರು ಎಷ್ಟು ಕಾಗದದ ಕರವಸ್ತ್ರ ತೆಗೆದುಕೊಳ್ಳುತ್ತಾರೆ ಅಂತ ಎಣಿಸಿದರು. ಮರ ಕಡಿದವರು ಓದಿದವರಿಗಿಂತ ಶೇ 20ರಷ್ಟು ಕಡಿಮೆ ತೆಗೆದುಕೊಂಡರು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಕೈಯ ಪಾತ್ರ. ಗುಮ್ಮಟದಲ್ಲಿ ಜನ ಸುಮ್ಮನೆ ನಡೆದು ಹೋದರು. ಗರಗಸದ ಪ್ರಯೋಗದಲ್ಲಿ ತಾವೇ ಏನೋ ಮಾಡಿದರು. ಎರಡು ಪ್ರಯೋಗಗಳ ಮೇಲೆ ಸಿದ್ಧಾಂತ ಕಟ್ಟಲು ಬರುವುದಿಲ್ಲ, ನಿಜ. ಆದರೂ ಹೆದರಿಸುವ ಚಿತ್ರಕ್ಕಿಂತ ನಿರ್ಧಾರ ಮಾಡಿಸುವ ಚಿತ್ರದ ಮೇಲೆ ನನಗೆ ನಂಬಿಕೆ ಜಾಸ್ತಿ. ಐಫೈರ್‌ನಂಥ ಕೆಲಸ ಹವಾಮಾನ ಬದಲಾವಣೆಯ ಬಗ್ಗೆ ಪ್ರಪಂಚದ ಮನಸ್ಸು ಬದಲಿಸುತ್ತದೆ ಅಂತ ನಾನು ನಿರೀಕ್ಷಿಸುವುದಿಲ್ಲ. ಈಗ ಹೊರಡಬೇಕಾ, ಇನ್ನು ಐದು ನಿಮಿಷ ನಿಲ್ಲಬಹುದಾ, ಟ್ರಕ್ಕನ್ನು ಎತ್ತ ಮುಖ ಮಾಡಿ ನಿಲ್ಲಿಸಬೇಕು ಅನ್ನುವ ನಿರ್ಧಾರಗಳನ್ನು ಬೆಂಕಿ ಇಲ್ಲದ ಕಡೆ ಮೊದಲೇ ಮಾಡಿ, ತಪ್ಪಿ, ಮತ್ತೆ ಮಾಡಲು ಅದು ಜಾಗ ಕೊಡುತ್ತದೆ. ಅಷ್ಟಾದರೂ ಜೀವ ಉಳಿಯುತ್ತದೆ.

ನಮ್ಮಲ್ಲಿ ಇದರ ಅಗತ್ಯ ಇದೆಯಾ? ಬಂಡೀಪುರವನ್ನೇ ತೆಗೆದುಕೊಳ್ಳಿ. 2017ರ ಫೆಬ್ರುವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದೇ ಬೆಂಕಿಗೆ ಸಿಕ್ಕಿ ತೀರಿಕೊಂಡರು. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತಿದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ನಮ್ಮ ಎಲೆಯುದುರುವ ಒಣ ಕಾಡಿನ ಬೆಂಕಿ ಆಸ್ಟ್ರೇಲಿಯಾದ ನೀಲಗಿರಿ ಕಾಡಿನ ಬೆಂಕಿಯ ಹಾಗಲ್ಲ. ಮರದ ತುದಿಯಿಂದ ತುದಿಗೆ ಹಾರುವುದಕ್ಕಿಂತ ನೆಲದ ಹುಲ್ಲು, ತರಗೆಲೆ, ಒಣಗಿದ ಲಂಟಾನ ಪೊದೆಗಳಲ್ಲಿ ಓಡುವುದೇ ಹೆಚ್ಚು. ಅದನ್ನು ಎದುರಿಸುವ ಕೆಲಸ ದೊಡ್ಡ ಟ್ರಕ್ಕುಗಳದ್ದಲ್ಲ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವ, ಬೆನ್ನಿಗೆ ನೀರಿನ ಪಂಪ್ ಕಟ್ಟಿಕೊಂಡ ಅರಣ್ಯ ಇಲಾಖೆಯ ವಾಚರ್‌ಗಳದ್ದು. ಅವರಲ್ಲಿ ಬಹಳ ಜನ ಕಾಡಂಚಿನ ಹಾಡಿಗಳವರು, ಬೇಸಿಗೆಗೆ ಮಾತ್ರ ಕೆಲಸಕ್ಕೆ ಬರುವವರು. ಏರಿನ ಬೆಂಕಿ, ತಿರುಗುವ ಗಾಳಿ ಇಲ್ಲೂ ಕೊಲ್ಲುತ್ತವೆ.

ಆದರೆ ಇನ್ನೊಂದು ವಿಷಯ ಇದೆ. ಸಿಡ್ನಿಯ ಪರದೆಯಲ್ಲಿ ಬೆಂಕಿ ಅಂದರೆ ಅಪಾಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 'ತರಗು ಬೆಂಕಿ' ಅನ್ನುವುದೂ ಗೊತ್ತು. ಬೇಸಿಗೆಯ ಶುರುವಿನಲ್ಲೇ, ತರಗೆಲೆ ರಾಶಿ ಬೀಳುವ ಮೊದಲೇ, ನೆಲದ ಮಟ್ಟದಲ್ಲಿ ಸಣ್ಣಗೆ ಹಚ್ಚಿ ಬಿಡುವ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಕಾಡನ್ನೇ ನುಂಗಿತು ಎಂದು ಸೋಲಿಗರ ಹಿರಿಯರು ಹೇಳುತ್ತಾ ಬಂದಿದ್ದಾರೆ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದೂ ಇದೇ ಕಥೆ. ಸಾವಿರಾರು ವರ್ಷ ಅವರು ಹಾಕುತ್ತಿದ್ದ ತಣ್ಣನೆಯ, ಸಣ್ಣ ಬೆಂಕಿಯನ್ನು ವಸಾಹತು ಆಡಳಿತ ನಿಲ್ಲಿಸಿತು. 2020ರಲ್ಲಿ, ಅಷ್ಟೆಲ್ಲ ಸುಟ್ಟ ಮೇಲೆ, ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಮೂಲನಿವಾಸಿಗಳ ಜೊತೆ ಕೂತು ಆ ತಿಳಿವಳಿಕೆಯನ್ನು ಬಳಸಿಕೊಳ್ಳಿ ಎಂದು ಸಲಹೆ ಕೊಟ್ಟಿತು.

ಪಾದದೆತ್ತರದ ಬೆಂಕಿ ಪರದೆಯ ಮೇಲೆ ಯಾರ ಉಸಿರನ್ನೂ ಬಿಗಿಹಿಡಿಯುವುದಿಲ್ಲ. ಆದರೂ ಅದನ್ನು ತೋರಿಸಬೇಕು. ಒಂದೇ ಕಾಡು, ಒಂದು ಸಲ ವರ್ಷವರ್ಷ ಸಣ್ಣ ಬೆಂಕಿ ಕಂಡಿದ್ದು, ಇನ್ನೊಂದು ಸಲ ಹತ್ತು ವರ್ಷ ತರಗು ಪೇರಿಸಿಕೊಂಡಿದ್ದು. ಎರಡಕ್ಕೂ ಫೆಬ್ರುವರಿ ಕೊನೆಯ ಅದೇ ಗಾಳಿ ಬಿಡಿ. ಎರಡನ್ನೂ ಒಬ್ಬ ಅರಣ್ಯಾಧಿಕಾರಿ, ಒಬ್ಬ ವಾಚರ್, ಒಬ್ಬ ಸೋಲಿಗರ ಹಿರಿಯ ಒಟ್ಟಿಗೆ ನಿಂತು ನೋಡಲಿ. ತರಗು ಬೆಂಕಿಯ ಬಗ್ಗೆ ಇಷ್ಟು ವರ್ಷ ಎರಡು ಕಡೆಯವರೂ ಮಾತಿನಲ್ಲೇ ಮಾಡಿದ ವಾದವನ್ನು ಪರದೆಯ ಮುಂದೆ ಪರೀಕ್ಷೆಗೆ ಒಡ್ಡಬಹುದು. ಹಾಗೆ ಆಗಬೇಕಾದರೆ ಲೆಕ್ಕಕ್ಕೆ ಬೇಕಾದ ಮಾಹಿತಿ ಕೊಡುವವರಲ್ಲಿ ಆ ಹಿರಿಯರೂ ಇರಬೇಕು. ಯಾವ ಹುಲ್ಲು ಯಾವಾಗ ಒಣಗುತ್ತದೆ, ಯಾವ ಹಳ್ಳದ ಬಳಿ ಗಾಳಿ ಸುತ್ತುತ್ತದೆ ಅನ್ನುವುದು ಉಪಗ್ರಹಕ್ಕಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಎಚ್ಚರ ಬೇಕಾದ ಜಾಗವೂ ಇದೆ. ಬೆಂಕಿಯಿಂದ ಪಾರಾಗಿ ಬಂದವರನ್ನು ಇಂಥ ಕೋಣೆಯಲ್ಲಿ ಏಕಾಏಕಿ ನಿಲ್ಲಿಸಬಾರದು. ಹೊಗೆಯ ಚಿತ್ರ, ಬೆಂಕಿಯ ಸದ್ದು ಅವರಿಗೆ ಹಳೆಯದನ್ನೆಲ್ಲ ಮತ್ತೆ ತಂದುಕೊಡುತ್ತದೆ. ಪಕ್ಕದಲ್ಲಿ ಒಬ್ಬರು ಇರಬೇಕು, ಬೇಡ ಅನ್ನಿಸಿದ ಕ್ಷಣ ನಿಲ್ಲಿಸುವ ಹಾಗಿರಬೇಕು.

ಖರ್ಚಿನ ಮಾತು ಬಂದೇ ಬರುತ್ತದೆ. 12 ಪ್ರೊಜೆಕ್ಟರಿನ ಕೋಣೆ ಗುಂಡ್ಲುಪೇಟೆಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಐಫೈರ್ ತಂಡವೇ ತಲೆಗೆ ಹಾಕುವ ಸಾಧನ, ಟ್ಯಾಬ್ಲೆಟ್‌ಗಳಲ್ಲೂ ಓಡುವ ಹಾಗೆ ಅದನ್ನು ಮಾಡುತ್ತಿದೆ. ಆಸ್ಟ್ರೇಲಿಯಾದಲ್ಲಿ ಹಳ್ಳಿಗಾಡಿನ ಬೆಂಕಿ ಆರಿಸುವವರಲ್ಲಿ ಬಹುಪಾಲು ಸ್ವಯಂಸೇವಕರು. ಅವರನ್ನೆಲ್ಲ ಸಿಡ್ನಿಗೆ ಕರೆಸಲು ಅಲ್ಲೂ ಆಗುವುದಿಲ್ಲ. ಬಂಡೀಪುರದಲ್ಲಿ ಬೆಂಕಿ ದಾಟದ ಹಾಗೆ ಹುಲ್ಲು, ಗಿಡ ತೆಗೆದು ಬೆಂಕಿ ರೇಖೆ ಮಾಡುವ ಕೆಲಸ ನಡೆಯುವುದು ಬೇಸಿಗೆಗೆ ಮುಂಚೆ. ಆ ಹೊತ್ತಿಗೇ ವಾಚರ್‌ಗಳಿಗೆ ಒಂದು ವಾರದ ತರಬೇತಿ ಇಟ್ಟು, ಅವರು ಕಾಯಬೇಕಾದ ಅದೇ ಗುಡ್ಡ, ಅದೇ ಹಳ್ಳವನ್ನು ಟ್ಯಾಬ್ಲೆಟ್ಟಿನಲ್ಲಿ ತೋರಿಸಿ, ಗಾಳಿ ತಿರುಗಿಸಿ, 'ಈಗ ಎತ್ತ ಓಡುತ್ತೀರಿ?' ಎಂದು ಕೇಳಬಹುದು. ನೆಲದ ಏರಿಳಿತದ ಮಾಹಿತಿ ಈಗಾಗಲೇ ಸಿಗುತ್ತದೆ. ಲಂಟಾನ ಎಲ್ಲೆಲ್ಲಿ ಎಷ್ಟು ದಟ್ಟ ಇದೆ ಅನ್ನುವ ನಕಾಶೆಯನ್ನು ಆ ವಾಚರ್‌ಗಳ ಜೊತೆಗೇ ನಡೆದು ಮಾಡಿಕೊಳ್ಳಬೇಕು.